ನಿಮಗಿದು ಗೊತ್ತೇ? ಕಂದಾಯ ಕಟ್ಟಿದವರ ಓಟಿನಿಂದ ಎಲ್ಲರ ಓಟಿನವರೆಗೆ

ಹುಬ್ಬಳ್ಳಿಯಿಂದ ಗದಗಿನ ದಾರಿ ಹಿಡಿದರೆ ಎರಡೂ ಕಡೆ ಎರೆ ಹೊಲಗಳು. ಆ ದಾರಿಯಲ್ಲೇ ಇದೆ ಶಿರಗುಪ್ಪಿ, ಹುಬ್ಬಳ್ಳಿ ತಾಲ್ಲೂಕಿನ ಹೋಬಳಿ ಊರು. ಇವತ್ತು ಇಲ್ಲಿ 18 ತುಂಬಿದ ಕೂಲಿಯವರೂ ಹತ್ತಾರು ಎಕರೆ ಹೊಲದ ಒಡೆಯರೂ ಒಂದೇ ಸರದಿಯಲ್ಲಿ ನಿಂತು ಓಟು ಹಾಕುತ್ತಾರೆ. ಇಬ್ಬರದೂ ಒಂದೊಂದೇ ಓಟು. ನೂರು ವರ್ಷದ ಹಿಂದೆ ಹೀಗಿರಲಿಲ್ಲ. ಇಲ್ಲಿಗೆ ಬಂದು ಮುಟ್ಟಿದ ದಾರಿ ಉದ್ದವಾದದ್ದು, ಅದರ ಹಲವು ತಿರುವುಗಳು ನಮ್ಮ ಧಾರವಾಡ, ಬೆಳಗಾವಿ, ಮೈಸೂರುಗಳಲ್ಲೇ ಇವೆ.

ಹೊಲವಿದ್ದವರಿಗೆ ಓಟು

1919ರ ಭಾರತ ಸರ್ಕಾರ ಕಾಯ್ದೆ ಬಂದಾಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮುಂಬಯಿಯ ಶಾಸನಸಭೆಗೆ ಹಳ್ಳಿಯವರು ಓಟು ಹಾಕಬೇಕಾದರೆ ವರ್ಷಕ್ಕೆ ಕನಿಷ್ಠ 32 ರೂಪಾಯಿ ಕಂದಾಯದ ಭೂಮಿ ಹೊಂದಿರಬೇಕಿತ್ತು. ರತ್ನಾಗಿರಿಯಂಥ ಜಿಲ್ಲೆಗೆ ಈ ಮೊತ್ತ 16 ರೂಪಾಯಿ. ಆದಾಯ ತೆರಿಗೆ ಕಟ್ಟುವವರಿಗೂ ಸೈನ್ಯದಿಂದ ನಿವೃತ್ತರಾದವರಿಗೂ ಹಕ್ಕಿತ್ತು. ಆಗಿನ 32 ರೂಪಾಯಿ ಸಣ್ಣ ಮೊತ್ತವಲ್ಲ. ಅಂಗೈಯಗಲ ಹೊಲದ ರೈತ, ಕೂಲಿಕಾರ, ಬಡಿಗ, ಕಂಬಾರ, ಎಲ್ಲರೂ ಹೊರಗೇ ಉಳಿದರು. ಊರಿಗೆ ಅನ್ನ ಹಾಕುತ್ತಿದ್ದವರೇ ಊರಿನ ಪರವಾಗಿ ಮಾತಾಡುವವರನ್ನು ಆರಿಸುವಂತಿರಲಿಲ್ಲ.

ಆ ಕಾಲದ ಕ್ಷೇತ್ರದ ಹೆಸರಿನಲ್ಲೇ ಧರ್ಮ ಇರುತ್ತಿತ್ತು. ‘ಧಾರವಾಡ ಜಿಲ್ಲೆ, ಮುಸ್ಲಿಮೇತರ ಗ್ರಾಮೀಣ’ ಎಂಬುದು ಅಂಥದ್ದೊಂದು ಕ್ಷೇತ್ರ. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುವ ಪದ್ಧತಿ 1909ರ ಸುಧಾರಣೆಯಿಂದ ಶುರುವಾಗಿತ್ತು. ಸ್ವತಂತ್ರ ಭಾರತದ ಸಂವಿಧಾನ ಅದನ್ನು ಕೈಬಿಟ್ಟಿತು. 325ನೇ ವಿಧಿಯ ಪ್ರಕಾರ ಪ್ರತಿ ಕ್ಷೇತ್ರಕ್ಕೂ ಒಂದೇ ಮತದಾರರ ಪಟ್ಟಿ. ಧರ್ಮ, ಜಾತಿ, ಲಿಂಗದ ಕಾರಣ ಕೊಟ್ಟು ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ.

ಈ ಕಂದಾಯದ ಓಟಿನ ಕಾಲದಲ್ಲೇ ಹುಬ್ಬಳ್ಳಿಯ ವಕೀಲ ಸಿದ್ದಪ್ಪ ಕಂಬಳಿಯವರು ಮುಂಬಯಿಯ ಶಾಸನಸಭೆಗೆ ಆರಿಸಿ ಹೋದರು. 1930ರ ದಶಕದಲ್ಲಿ ಆ ಪ್ರಾಂತ್ಯದ ಶಿಕ್ಷಣ ಸಚಿವರಾಗಿ ಕೆಲಸ ಮಾಡಿದರು.

1935ರ ಕಾಯ್ದೆ ಮುಂಬಯಿ ಪ್ರಾಂತ್ಯದಲ್ಲಿ ಕಂದಾಯದ ಮಿತಿಯನ್ನು 8 ರೂಪಾಯಿಗೆ ಇಳಿಸಿತು. ಓದು ಕಲಿತವರಿಗೂ ದಾರಿ ತೆರೆಯಿತು. ಅಷ್ಟಾದರೂ ಇಡೀ ಬ್ರಿಟಿಷ್ ಭಾರತದಲ್ಲಿ ಓಟಿನ ಹಕ್ಕು ಸಿಕ್ಕಿದ್ದು ಸುಮಾರು 3 ಕೋಟಿ ಜನರಿಗೆ, ನೂರಕ್ಕೆ ಸುಮಾರು 14 ಮಂದಿಗೆ. 1937ರಲ್ಲಿ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದ ಬಿ.ಜಿ. ಖೇರರ ಮಂತ್ರಿಮಂಡಲ ಈ ಕಿರಿದಾದ ಪಟ್ಟಿಯಿಂದಲೇ ಆರಿಸಿ ಬಂದದ್ದು.

ಇನ್ನೊಂದು ಮಾತು. ಹುಬ್ಬಳ್ಳಿ ತಾಲ್ಲೂಕು ಬ್ರಿಟಿಷರದು, ಆದರೆ ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಕುಂದಗೋಳದಲ್ಲಿ ಎಷ್ಟೇ ಕಂದಾಯ ಕಟ್ಟಿದರೂ ಮುಂಬಯಿಯ ಶಾಸನಸಭೆಗೆ ಓಟಿಲ್ಲ. ನಡೆದು ಹೋಗಿ ಬರುವಷ್ಟು ಹತ್ತಿರದ ಊರುಗಳ ನಡುವೆ ಹಕ್ಕಿನ ಗಡಿ ಹಾದುಹೋಗಿತ್ತು.

ಕಣಗಿನಹಾಳದ ಒಂದು ಓಟು

ಗದಗಿನ ಹತ್ತಿರದ ಊರು ಕಣಗಿನಹಾಳ. ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಗದಗ ಜಿಲ್ಲೆಗೆ ಸೇರಿದ ಈ ಊರಿನಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದಕ್ಕೆ ಹೆಸರು. 1912ರ ಸಹಕಾರ ಸಂಘಗಳ ಕಾಯ್ದೆ ಇಂಥ ಗ್ರಾಮೀಣ ಸಂಘಗಳಿಗೆ ಒಂದು ನಿಯಮ ಹಾಕಿತ್ತು: ಸದಸ್ಯನೊಬ್ಬನಿಗೆ ಒಂದೇ ಮತ. ಹೊಲ ಎಷ್ಟೇ ಇರಲಿ, ಮತ ಒಂದೇ. ಮುಂಬಯಿಯ ಶಾಸನಸಭೆ ಯಾರಿಗೆ ಬಾಗಿಲು ತೆರೆದಿರಲಿಲ್ಲವೋ ಅಂಥ ಸಣ್ಣ ರೈತರೂ ಸಂಘದ ಸಭೆಯಲ್ಲಿ ಕೈ ಎತ್ತಬಹುದಿತ್ತು. ಸಮಾನ ಮತದ ಪಾಠ ನಮ್ಮ ಹಳ್ಳಿಗಳಿಗೆ ದಿಲ್ಲಿಯಿಂದ ಬಂದದ್ದಕ್ಕಿಂತ ಮೊದಲು ಇಲ್ಲಿಂದ ಬಂತು ಎಂಬುದು ನನ್ನ ನಂಬಿಕೆ.

ಹುಬ್ಬಳ್ಳಿಗೆ ಪುರಸಭೆ ಬಂದದ್ದು 1855ರಲ್ಲಿ. ಮೊದಲಿಗೆ ಅದರ ಸದಸ್ಯರನ್ನು ಜನ ಆರಿಸುತ್ತಿರಲಿಲ್ಲ, ಸರ್ಕಾರ ನೇಮಿಸುತ್ತಿತ್ತು.

ಮೈಸೂರಿನ ಕಥೆ ಬೇರೆ. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ಚಾಮರಾಜೇಂದ್ರ ಒಡೆಯರ್ ಮತ್ತು ದಿವಾನ್ ಸಿ. ರಂಗಾಚಾರ್ಲು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿ ಸೇರಿಸಿದರು. ಭಾರತದ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲು. ಸದಸ್ಯರನ್ನು ಚುನಾಯಿಸುವ ಪದ್ಧತಿ ಹತ್ತು ವರ್ಷದ ಬಳಿಕ, 1891ರಲ್ಲಿ ಬಂತು. ಅಲ್ಲೂ ಆಸ್ತಿವಂತರಿಗೇ ಓಟು. 1907ರಲ್ಲಿ ಶಾಸನ ಪರಿಷತ್ತು ಸೇರಿಕೊಂಡಿತು.

ಔಂಧ್ ಎಂಬ ಪುಟ್ಟ ಸಂಸ್ಥಾನವೂ ನೆನಪಿಡಬೇಕಾದದ್ದು. ಈಗಿನ ಮಹಾರಾಷ್ಟ್ರದಲ್ಲಿದ್ದ ಅದಕ್ಕೆ ಬಿಜಾಪುರದ ಕಡೆ ಗುಣದಾಳವೆಂಬ ಕನ್ನಡದ ತುಣುಕೊಂದಿತ್ತು. 1939ರಲ್ಲಿ ಅಲ್ಲಿನ ರಾಜ ಭವಾನರಾವ್ ಪಂತಪ್ರತಿನಿಧಿ, ಗಾಂಧೀಜಿಯ ಸಲಹೆ ಪಡೆದು, ಹಳ್ಳಿ ಪಂಚಾಯಿತಿಗಳನ್ನೇ ಬುಡವಾಗಿಟ್ಟ ಸಂವಿಧಾನ ಜಾರಿಗೆ ತಂದು ಅಧಿಕಾರವನ್ನು ಜನರಿಗೆ ಬಿಟ್ಟುಕೊಟ್ಟರು. ರಾಜನೇ ಮುಂದಾಗಿ ಹೀಗೆ ಮಾಡಿದ್ದು ಅಪರೂಪ.

ಹೆಂಗಸರ ಹೆಸರು

ಮುಂಬಯಿ ಪ್ರಾಂತ್ಯದಲ್ಲಿ ಹೆಂಗಸರಿಗೆ ಓಟಿಲ್ಲವೆಂಬ ತಡೆ 1921ರಲ್ಲೇ ಹೋಯಿತು. ಮೈಸೂರಿನಲ್ಲಿ 1923ರ ಸುಧಾರಣೆಗಳು ಆ ತಡೆ ತೆಗೆದವು. ಕಾಗದದ ಮೇಲೆ ಇದು ದೊಡ್ಡ ಗೆಲುವು. ಆದರೆ ಕಂದಾಯದ ಷರತ್ತು ಹಾಗೇ ಇತ್ತು. ಹೊಲ ಗಂಡಸರ ಹೆಸರಿನಲ್ಲಿರುವಾಗ ಎಷ್ಟು ಹೆಂಗಸರಿಗೆ ಓಟು ಸಿಕ್ಕೀತು? ಕೈಬೆರಳೆಣಿಕೆಯವರಿಗೆ.

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿದರು. ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. ಅಲ್ಪ ಅಂತರದಲ್ಲಿ ಸೋತರು.

1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು. ಕಾರಣ, ಅವರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ಹೆಸರುಗಳನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಲು ಒಪ್ಪಲಿಲ್ಲ. ಇದು ಹೆಚ್ಚಾಗಿ ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನದ ಕಡೆ ಆದದ್ದು. ಸೇನ್ ಅವರದು ಕಠಿಣ ತೀರ್ಮಾನ. ಲಕ್ಷಗಟ್ಟಲೆ ಹೆಂಗಸರು ಆ ಸಲದ ಓಟು ಕಳೆದುಕೊಂಡರು ಎಂಬುದು ನೋವಿನ ಮಾತೇ. ಆದರೂ ನಾಗರಿಕಳಾಗಿ ಹೆಣ್ಣಿಗೆ ಸ್ವಂತ ಹೆಸರಿರಬೇಕು ಎಂದು ಸರ್ಕಾರಿ ದಫ್ತರವೊಂದು ಹಟ ಹಿಡಿದದ್ದರಿಂದ ಮುಂದಿನ ಚುನಾವಣೆಗಳಲ್ಲಿ ಒಳ್ಳೆಯದೇ ಆಯಿತು ಎಂದು ನನಗನ್ನಿಸುತ್ತದೆ.

ಹೋಲಿಸಿ ನೋಡಿ. ನ್ಯೂಜಿಲೆಂಡ್ ಹೆಂಗಸರಿಗೆ ಓಟು ಕೊಟ್ಟದ್ದು 1893ರಲ್ಲಿ. ಬ್ರಿಟನ್ ಗಂಡಸರ ಸಮಕ್ಕೆ ಕೊಟ್ಟದ್ದು 1928ರಲ್ಲಿ. ಸ್ವಿಟ್ಜರ್ಲೆಂಡ್‌ನಲ್ಲಿ ರಾಷ್ಟ್ರಮಟ್ಟದ ಚುನಾವಣೆಗೆ ಹೆಂಗಸರು ಓಟು ಪಡೆದದ್ದು 1971ರಲ್ಲಿ. ಆ ಹೊತ್ತಿಗೆ ಧಾರವಾಡ ಉತ್ತರ ಕ್ಷೇತ್ರದವರು ಸರೋಜಿನಿ ಮಹಿಷಿಯವರನ್ನು 1962, 1967, 1971, ಹೀಗೆ ಮೂರು ಸಲ ಲೋಕಸಭೆಗೆ ಕಳಿಸಿಯಾಗಿತ್ತು. 1977ರಲ್ಲಿ ನಾಲ್ಕನೇ ಸಲವೂ ಕಳಿಸಿದರು. ಕರ್ನಾಟಕದಿಂದ ಲೋಕಸಭೆಗೆ ಹೋದ ಮೊದಲ ಮಹಿಳೆ ಅವರು. ಕನ್ನಡಿಗರ ಉದ್ಯೋಗದ ಪ್ರಶ್ನೆ ಬಂದಾಗಲೆಲ್ಲ ಕೇಳಿಬರುವ ‘ಮಹಿಷಿ ವರದಿ’ ಇವರದೇ.

ದೇಶದ ಮೊದಲ ಮಹಿಳಾ ಮುಖ್ಯ ಚುನಾವಣಾ ಆಯುಕ್ತೆ ವಿ.ಎಸ್. ರಮಾದೇವಿ. 1990ರ ನವೆಂಬರ್-ಡಿಸೆಂಬರ್‌ನಲ್ಲಿ ಕೆಲವೇ ದಿನ ಆ ಹುದ್ದೆಯಲ್ಲಿದ್ದರು. ಮುಂದೆ ಕರ್ನಾಟಕದ ರಾಜ್ಯಪಾಲರಾದರು.

ಸಂವಿಧಾನಕ್ಕಿಂತ ಮೊದಲೇ ಪಟ್ಟಿ

ವಯಸ್ಕರೆಲ್ಲರಿಗೂ ಓಟು ಎಂಬ 326ನೇ ವಿಧಿ ಜಾರಿಗೆ ಬರುವ ಮುಂಚೆಯೇ ಮತದಾರರ ಪಟ್ಟಿಯ ಕೆಲಸ ಶುರುವಾಗಿತ್ತು! 1947ರ ಕೊನೆಯಿಂದಲೇ ಸಂವಿಧಾನ ಸಭೆಯ ಸಚಿವಾಲಯ ಅದರ ತಯಾರಿ ಹಿಡಿಯಿತು. ಆ ಸಚಿವಾಲಯವನ್ನು ನಡೆಸುತ್ತಿದ್ದ ಸಂವಿಧಾನ ಸಲಹೆಗಾರ ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಮನೆ ಬಿಟ್ಟು ಅಲೆಯುತ್ತಿದ್ದ ಹೊತ್ತು ಅದು. ನಿರಾಶ್ರಿತರ ಹೆಸರು ಸೇರಿಸುವುದು ಹೇಗೆ ಎಂಬ ಪ್ರಶ್ನೆಯೂ ಅವರ ಮುಂದಿತ್ತು. ಬೇರೆ ದೇಶಗಳಲ್ಲಿ ಹಕ್ಕು ಮೊದಲು ಬಂದು ಪಟ್ಟಿ ಆಮೇಲೆ ಬಂದರೆ, ಇಲ್ಲಿ ಗುಮಾಸ್ತರು ಮನೆಮನೆಗೆ ಹೋಗಿ ಕೂಲಿಕಾರರ ಹೆಸರು ಬರೆದುಕೊಂಡದ್ದೇ ಮೊದಲು. ಈ ಕೆಲಸಕ್ಕೆ ನಮ್ಮ ಶಾಲಾ ಪುಸ್ತಕಗಳಲ್ಲಿ ಒಂದು ಪುಟವಾದರೂ ಸಿಗಬೇಕು.

ಧಾರವಾಡದ ಆರ್.ಆರ್. ದಿವಾಕರರು ಆ ಸಂವಿಧಾನ ಸಭೆಯ ಸದಸ್ಯರಾಗಿದ್ದರು.

ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಮತಪತ್ರದ ಮೇಲೆ ಮುದ್ರೆ ಒತ್ತುವ ಕೆಲಸವಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಮತದಾರರು ಚೀಟಿಯನ್ನು ತಮಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಒಬ್ಬ ಅಭ್ಯರ್ಥಿಗೆ ಒಂದು ಪೆಟ್ಟಿಗೆ ಎಂದಮೇಲೆ ದೇಶಕ್ಕೆಲ್ಲ ಬೇಕಾದವು ಸುಮಾರು 25 ಲಕ್ಷ ಉಕ್ಕಿನ ಪೆಟ್ಟಿಗೆಗಳು. ಧಾರವಾಡ ಉತ್ತರದಿಂದ ಡಿ.ಪಿ. ಕರಮರಕರ, ಧಾರವಾಡ ದಕ್ಷಿಣದಿಂದ ಟಿ.ಆರ್. ನೇಸ್ವಿ ಗೆದ್ದು ದಿಲ್ಲಿಗೆ ಹೋದರು. ಕರಮರಕರರು ಮುಂದೆ ಕೇಂದ್ರದ ಆರೋಗ್ಯ ಸಚಿವರಾದರು. ಹೆಸರಿನ ಮುಂದೆ ಮುದ್ರೆ ಒತ್ತುವ ಒಂದೇ ಮತಪತ್ರದ ಪದ್ಧತಿ ದೇಶದ ತುಂಬ ಬಂದದ್ದು 1962ರ ಮಹಾಚುನಾವಣೆಗೆ.

1952ರಲ್ಲಿ ಶಿರಗುಪ್ಪಿಯವರು ಓಟು ಹಾಕಿದ್ದು ಮುಂಬಯಿ ವಿಧಾನಸಭೆಗೆ. 1956ರ ನವೆಂಬರ್ 1ರಂದು ಏಕೀಕರಣವಾಗಿ, 1957ರಲ್ಲಿ ಮೈಸೂರು ವಿಧಾನಸಭೆಗೆ. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ವಿಧಾನಸಭೆಗೆ. ಮನೆ ಬದಲಿಸಲಿಲ್ಲ, ವಿಧಾನಸಭೆ ಮಾತ್ರ ಬದಲಾಯಿತು.

ಮೊದಮೊದಲ ಚುನಾವಣೆಗಳಲ್ಲಿ ಕೆಲವು ಕ್ಷೇತ್ರಗಳಿಂದ ಇಬ್ಬರು ಆರಿಸಿ ಬರುತ್ತಿದ್ದರು. ಮೊದಲ ಲೋಕಸಭೆಗೆ ಅಂಥ 86 ಕ್ಷೇತ್ರಗಳಿದ್ದವು. 1961ರ ಕಾಯ್ದೆ ಅದನ್ನು ನಿಲ್ಲಿಸಿತು.

ಗಡಿಯಾಚೆ ಕಾಸರಗೋಡಿನಲ್ಲಿ, 1957ರ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ, ಮಂಜೇಶ್ವರದಿಂದ ಪಕ್ಷೇತರ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅದೇ ಮಂಜೇಶ್ವರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಓಟು.

ಬೆಳಗಾವಿಯ 456 ಹೆಸರುಗಳು

ಒಂದೇ ಕ್ಷೇತ್ರಕ್ಕೆ 456 ಅಭ್ಯರ್ಥಿಗಳು! 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿಯಲ್ಲಿ ಹೀಗಾಯಿತು. ಗಡಿ ವಿವಾದದತ್ತ ದೇಶದ ಗಮನ ಸೆಳೆಯಲು ಮಹಾರಾಷ್ಟ್ರ ಏಕೀಕರಣ ಸಮಿತಿಯ ಕಡೆಯವರು ಗುಂಪುಗುಂಪಾಗಿ ನಾಮಪತ್ರ ಹಾಕಿದ್ದರು. ಅದೇ ವರ್ಷ ಆಂಧ್ರದ ನಲ್ಗೊಂಡದಲ್ಲಿ 480 ಮಂದಿ ಕಣದಲ್ಲಿದ್ದರು. ಅಲ್ಲಿ ಜನ ಎತ್ತಿದ್ದು ಕುಡಿಯುವ ನೀರಿನ ಕೂಗು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಅಭ್ಯರ್ಥಿಗಳು. ಮತಪತ್ರವನ್ನು ಪುಸ್ತಕದಂತೆ ಅಚ್ಚು ಹಾಕಬೇಕಾಯಿತು.

ಇಷ್ಟು ಜನ ನಿಲ್ಲಲು ಸಾಧ್ಯವಾದದ್ದು ಹೇಗೆ? ಲೋಕಸಭೆಗೆ ನಿಲ್ಲಲು ಆಗ ಠೇವಣಿ 500 ರೂಪಾಯಿ, ವಿಧಾನಸಭೆಗೆ 250. ಅದೇ ವರ್ಷ ಸಂಸತ್ತು ಕಾಯ್ದೆ ತಿದ್ದಿತು. ಠೇವಣಿ 10,000 ಮತ್ತು 5,000ಕ್ಕೆ ಏರಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಪಕ್ಷೇತರರಿಗೆ ಹತ್ತು ಮಂದಿ ಸೂಚಕರು ಬೇಕೆಂದಾಯಿತು. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲುವಂತಿಲ್ಲವೆಂದಾಯಿತು. 2009ರಲ್ಲಿ ಠೇವಣಿ ಇನ್ನೂ ಏರಿ 25,000 ಮತ್ತು 10,000 ಆಯಿತು. ಚಲಾವಣೆಯಾದ ಸಿಂಧು ಮತಗಳಲ್ಲಿ ಆರರಲ್ಲೊಂದು ಭಾಗ ಸಿಗದಿದ್ದರೆ ಅದು ಮುಟ್ಟುಗೋಲು.

ಮತಪತ್ರ ಹಿಡಿತ ಮೀರಿ ಬೆಳೆಯಬಾರದು, ಸರಿ. ಆದರೆ ನೀರಿಗಾಗಿ ನಾಮಪತ್ರ ಹಾಕಿದವರ ದೂರನ್ನು ಕೇಳುವುದಕ್ಕಿಂತ ಠೇವಣಿ ಏರಿಸುವುದು ಸುಲಭವಾಯಿತು ಎಂಬ ಮಾತನ್ನೂ ಇಲ್ಲಿ ಹೇಳಲೇಬೇಕು.

ಅದೇ 1996ರ ತಿದ್ದುಪಡಿ ಕೂಲಿಕಾರರಿಗೆ ಒಂದು ಒಳ್ಳೆಯದನ್ನೂ ಮಾಡಿತು. ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನಂತೆ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ. ಶಿರಗುಪ್ಪಿಯಿಂದ ಬಸ್ಸು ಹತ್ತಿ ಹುಬ್ಬಳ್ಳಿಯ ಅಂಗಡಿ, ಕಾರ್ಖಾನೆ, ಕಟ್ಟಡದ ಕೆಲಸಕ್ಕೆ ಹೋಗುವವರು ಇದನ್ನು ನೆನಪಿಡಿ. ಓಟಿನ ದಿನದ ಪಗಾರ ಹಿಡಿಯುವಂತಿಲ್ಲ.

ಬೆರಳಿನ ಶಾಯಿ, ಪೆಟ್ಟಿಗೆಯ ಬದಲು ಯಂತ್ರ

ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗಿನ ಬಣ್ಣದ ಕಾರ್ಖಾನೆಯಾಗಿ ಶುರುವಾಗಿ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರಾಗಿರುವ ರಾಜ್ಯ ಸರ್ಕಾರದ ಸಂಸ್ಥೆ 1962ರ ಚುನಾವಣೆಯಿಂದ ಇದನ್ನು ದೇಶಕ್ಕೆಲ್ಲ ಪೂರೈಸುತ್ತಿದೆ. ಸೂತ್ರ ಕೊಟ್ಟದ್ದು ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕು ಬಿದ್ದಾಗ ಕಪ್ಪಾಗುತ್ತದೆ, ತಿಕ್ಕಿದರೂ ಹೋಗುವುದಿಲ್ಲ. 10 ಮಿಲಿಲೀಟರ್‌ನ ಒಂದು ಬಾಟಲಿ ಸುಮಾರು 700 ಜನರಿಗೆ ಸಾಕು. 2024ರ ಲೋಕಸಭಾ ಚುನಾವಣೆಗೆ ಹೋದದ್ದು 26 ಲಕ್ಷಕ್ಕೂ ಹೆಚ್ಚು ಬಾಟಲಿ. ಹತ್ತಾರು ಹೊರದೇಶಗಳ ಚುನಾವಣೆಗೂ ಇಲ್ಲಿಂದಲೇ ಶಾಯಿ ಹೋಗುತ್ತದೆ.

ಮತಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಯಂತ್ರವನ್ನು ಮೊದಲು ಬಳಸಿದ್ದು 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವೇ ಇಲ್ಲವೆಂದು ಸುಪ್ರೀಂ ಕೋರ್ಟ್ ಆ ಚುನಾವಣೆಯನ್ನು 1984ರಲ್ಲಿ ತಳ್ಳಿಹಾಕಿತು. 1988ರಲ್ಲಿ ಕಾನೂನು ತಿದ್ದಿದ ಮೇಲೆಯೇ ಯಂತ್ರಕ್ಕೆ ನೆಲೆ ಸಿಕ್ಕಿತು. 2004ರಲ್ಲಿ ಇಡೀ ಲೋಕಸಭಾ ಚುನಾವಣೆ ಯಂತ್ರದಲ್ಲೇ ನಡೆಯಿತು. ಗುಂಡಿ ಒತ್ತಿದ ಮೇಲೆ ಪಕ್ಕದ ಕಿಂಡಿಯಲ್ಲಿ ಚೀಟಿ ಕಾಣುವುದು 7 ಸೆಕೆಂಡು. ಈ ವಿವಿಪ್ಯಾಟ್ 2013ರಲ್ಲಿ ಬಂತು. ಯಾರಿಗೂ ಓಟಿಲ್ಲ ಎನ್ನುವ ‘ನೋಟಾ’ಕ್ಕೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ.

ಎರಡು ವರ್ಷಕ್ಕಿಂತ ಕಡಿಮೆಯಿಲ್ಲದ ಶಿಕ್ಷೆಯಾದ ಶಾಸಕ, ಸಂಸದರು ಮೇಲ್ಮನವಿ ಹಾಕಿ ಹುದ್ದೆಯಲ್ಲಿ ಉಳಿಯುವ ಅನುಕೂಲಕ್ಕೂ 2013ರಲ್ಲೇ, ಲಿಲಿ ಥಾಮಸ್ ಪ್ರಕರಣದಲ್ಲಿ, ಕೋರ್ಟು ತೆರೆ ಎಳೆಯಿತು.

ಒಂದು ಓಟಿನ ಬೆಲೆ? 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16.

ಹುಬ್ಬಳ್ಳಿಯಿಂದ ಹೊರಟ ಹೆಸರು

ಮುಖ್ಯಮಂತ್ರಿಗೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ವಿಧಾನಸಭೆಯಲ್ಲೇ ಸಾಬೀತು ಮಾಡಬೇಕು, ರಾಜಭವನದಲ್ಲಲ್ಲ. ಇಂದು ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ವಕೀಲರು ಎತ್ತುವ ಹೆಸರು ಎಸ್.ಆರ್. ಬೊಮ್ಮಾಯಿ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರಾಗಿದ್ದ ಅವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದರು. ಬಹುಮತ ಸಾಬೀತು ಮಾಡಲು ಅವಕಾಶ ಕೊಡಿ ಎಂದು ಕೇಳಿಕೊಂಡರೂ ರಾಜ್ಯಪಾಲರು ಒಪ್ಪದೆ ವರದಿ ಕಳಿಸಿದರು. 1989ರ ಏಪ್ರಿಲ್‌ನಲ್ಲಿ ಸರ್ಕಾರ ವಜಾ ಆಯಿತು. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಆದರೆ ಜನ ಆರಿಸಿದ ಸರ್ಕಾರವನ್ನು ಮನಸ್ಸಿಗೆ ಬಂದಂತೆ ಕಿತ್ತುಹಾಕುವುದಕ್ಕೆ ಕಡಿವಾಣ ಬಿತ್ತು. ಮತದಾರರ ಪಾಲಿಗೆ ಇದಕ್ಕಿಂತ ದೊಡ್ಡ ಚುನಾವಣಾ ಸುಧಾರಣೆ ಕಡಿಮೆ.

ಆ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರ ಈಗಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಹೋಯಿತು. ಹುಬ್ಬಳ್ಳಿ-ಧಾರವಾಡ ಪೂರ್ವ, ಸೆಂಟ್ರಲ್, ಪಶ್ಚಿಮ ಎಂಬ ಹೆಸರುಗಳು ಬಂದದ್ದು ಆಗ. ಶಿರಗುಪ್ಪಿ ಹೋಬಳಿ ನವಲಗುಂದ ಕ್ಷೇತ್ರದಲ್ಲಿದೆ. ಹೊಸ ಗಡಿಗಳ ಮೇಲೆ ದೇಶದಲ್ಲಿ ಮೊದಲು ವಿಧಾನಸಭಾ ಚುನಾವಣೆ ನಡೆಸಿದ್ದು ಕರ್ನಾಟಕವೇ, 2008ರ ಮೇ ತಿಂಗಳಲ್ಲಿ.

ಪಕ್ಷಾಂತರ ನಿಷೇಧ ಕಾಯ್ದೆ 1985ರದು. 2019ರಲ್ಲಿ ಕರ್ನಾಟಕದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದಾಗ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಅನರ್ಹರಾದವರಲ್ಲಿ ಹೆಚ್ಚಿನವರು ಗೆದ್ದು ಬಂದರು. ಒಂದು ಚಿಹ್ನೆಗೆ ಓಟು ಪಡೆದು ಇನ್ನೊಂದರ ಕಡೆ ಹೋಗುವುದನ್ನು ಈ ಕಾಯ್ದೆ ತಡೆಯುತ್ತದೆ ಎಂದು ಇನ್ನು ನಂಬುವುದು ಕಷ್ಟ.

ನಿಮ್ಮ ಕೈಯಲ್ಲಿರುವ, ಆದರೆ ಬಳಸದ ಹಕ್ಕುಗಳು

ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಓಟು ಹಾಕಿದ್ದಾರೆಯೇ? ಮರಳಿ ಬರಬೇಡಿ. ಗುರುತು ತೋರಿಸಿ ‘ಟೆಂಡರ್ ವೋಟ್’ ಕೇಳಿ. ಮತಪತ್ರ ಕೊಟ್ಟು, ನಿಮ್ಮ ಓಟನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ.

ಬಂದವರು ನಿಜವಾದ ಮತದಾರರಲ್ಲವೆಂದು ಏಜೆಂಟರಿಗೆ ಅನುಮಾನ ಬಂದರೆ 2 ರೂಪಾಯಿ ಕಟ್ಟಿ ತಕರಾರು ಹೂಡಬಹುದು.

ಓಟಿಗೆ ಹಣ ಕೊಡುವುದಷ್ಟೇ ಅಲ್ಲ, ತೆಗೆದುಕೊಳ್ಳುವುದೂ ಅಪರಾಧ.

18ಕ್ಕೆ ಓಟು ಎಂಬುದು 61ನೇ ತಿದ್ದುಪಡಿಯ ಫಲ. 1989ರ ಮಾರ್ಚ್ 28ರವರೆಗೆ 21 ತುಂಬಬೇಕಿತ್ತು. ಮೊದಲು ಜನವರಿ 1ಕ್ಕೆ 18 ತುಂಬಿದವರಿಗಷ್ಟೇ ಆ ವರ್ಷ ಹೆಸರು ಸೇರಿಸುವ ಅವಕಾಶ. 2022ರಿಂದ ವರ್ಷಕ್ಕೆ ನಾಲ್ಕು ದಿನಾಂಕ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ದಾಟಿದವರು ಮುಂಗಡವಾಗಿಯೇ ಫಾರಂ 6 ಕೊಡಬಹುದು.

2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಾದ್ಯಂತ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಲ್ಲೇ ಓಟು ಹಾಕುವ ಅವಕಾಶ ಸಿಕ್ಕಿತು. 2024ರಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಿದರು. ದುಬೈ, ಅಮೆರಿಕದಲ್ಲಿರುವ ಕನ್ನಡಿಗರು ಭಾರತದ ಪೌರತ್ವ ಉಳಿಸಿಕೊಂಡಿದ್ದರೆ ಫಾರಂ 6ಎ ತುಂಬಿ ಹೆಸರು ಸೇರಿಸಬಹುದು, ಆದರೆ ಓಟು ಹಾಕಲು ಊರಿನ ಮತಗಟ್ಟೆಗೇ ಬರಬೇಕು. ಜೈಲಿನಲ್ಲಿರುವವರಿಗೆ, ಶಿಕ್ಷೆಯಾಗದೆ ವಿಚಾರಣೆಯಲ್ಲಿದ್ದರೂ, ಓಟಿಲ್ಲ. ಈ ಕೊನೆಯ ನಿಯಮ ಬದಲಾಗಬೇಕು. ಜಾಮೀನು ಕೊಡಲು ಗತಿಯಿಲ್ಲದ ಬಡವರು ಓಟನ್ನೂ ಕಳೆದುಕೊಳ್ಳುವುದು ನ್ಯಾಯವಲ್ಲ.

ಶಿರಗುಪ್ಪಿಯ ಪದವೀಧರರಿಗೆ ಇನ್ನೊಂದು ಓಟಿದೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಪಶ್ಚಿಮ ಪದವೀಧರ ಕ್ಷೇತ್ರ ವಿಧಾನ ಪರಿಷತ್ತಿಗೆ ಒಬ್ಬರನ್ನು ಕಳಿಸುತ್ತದೆ. ಪದವಿ ಪಡೆದು ಮೂರು ವರ್ಷವಾಗಿರಬೇಕು. ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುವುದರಿಂದ ಫಾರಂ 18 ಮತ್ತೆ ತುಂಬಬೇಕು. ಅಲ್ಲಿ ಗುಂಡಿ ಒತ್ತುವುದಿಲ್ಲ. ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು, ಅದೂ ಅವರು ಕೊಟ್ಟ ಪೆನ್ನಿನಲ್ಲೇ. ಇದೇ ಭಾಗದ ಶಿಕ್ಷಕರ ಕ್ಷೇತ್ರದಿಂದ ಬಸವರಾಜ ಹೊರಟ್ಟಿಯವರು 1980ರಿಂದ 2022ರವರೆಗೆ ಎಂಟು ಸಲ ಆರಿಸಿ ಬಂದಿದ್ದಾರೆ.

ಊರಿನ ಚುನಾವಣೆ

ಪಂಚಾಯಿತಿಗಳ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿದ ರಾಜ್ಯ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು 1983ರ ಕಾಯ್ದೆ ತಂದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಹುಟ್ಟಿದವು. ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಅನ್ವಯಿಸುವ 73ನೇ ತಿದ್ದುಪಡಿ ಬಂದದ್ದು ಅದಾದ ಆರು ವರ್ಷಕ್ಕೆ, 1993ರಲ್ಲಿ. 2010ರಲ್ಲಿ ಕರ್ನಾಟಕ ಹೆಂಗಸರ ಪಾಲನ್ನು ಅರ್ಧಕ್ಕೆ ಏರಿಸಿತು. ಲೋಕಸಭೆ, ವಿಧಾನಸಭೆಗಳಲ್ಲಿ ಹೆಂಗಸರಿಗೆ ಮೂರರಲ್ಲೊಂದು ಭಾಗ ಕೊಡುವ 106ನೇ ತಿದ್ದುಪಡಿ 2023ರಲ್ಲಿ ಪಾಸಾಯಿತು. ಅದು ಜನಗಣತಿ ಮತ್ತು ಕ್ಷೇತ್ರ ವಿಂಗಡಣೆಯ ನಂತರದ ಮಾತು ಎಂದು ಅದರಲ್ಲೇ ಬರೆದಿದೆ.

ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಶಿರಗುಪ್ಪಿಯಂಥ ಊರಿನ ಪಂಚಾಯಿತಿ ಸದಸ್ಯರಿಗೆ ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲೂ ಓಟಿದೆ.

ಆದರೆ ಕೊನೆಯ ಪ್ರಶ್ನೆ ಇದು: ಜಿಲ್ಲಾ ಪಂಚಾಯಿತಿಗೆ ನೀವು ಕಳೆದ ಸಲ ಓಟು ಹಾಕಿದ್ದು ಯಾವಾಗ? 2016ರ ಫೆಬ್ರುವರಿಯಲ್ಲಿ. ಆಗ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಕಾರಣಗಳು ಬರುತ್ತಲೇ ಇದ್ದು, ನಾಲ್ಕು ವರ್ಷ ಕಳೆದರೂ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆಯಲಿಲ್ಲ. ಒಂದಲ್ಲ, ಒಂದಕ್ಕಿಂತ ಹೆಚ್ಚು ಪಕ್ಷದ ಸರ್ಕಾರಗಳ ಕಾಲದಲ್ಲಿ ಇದು ನಡೆದಿದೆ. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯದೂ ಇದೇ ಪಾಡಾಗಿತ್ತು. 2019ರ ಮಾರ್ಚ್‌ನಲ್ಲಿ ಅವಧಿ ಮುಗಿದರೂ ಅದರ 82 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ಕ್ಕೆ.

32 ರೂಪಾಯಿ ಕಂದಾಯವಿಲ್ಲದವರಿಗೆ ಓಟಿಲ್ಲ ಎಂದದ್ದು ಪರದೇಶದ ಸರ್ಕಾರ. ಓಟಿದ್ದೂ ಹಾಕುವ ದಿನವೇ ಬಾರದಂತೆ ಮಾಡಿದ್ದು ನಾವೇ ಆರಿಸಿದ ಸರ್ಕಾರಗಳು. ಎರಡನೆಯದನ್ನು ನಾವು ಪ್ರಶ್ನಿಸಬಹುದು, ಪ್ರಶ್ನಿಸಲೇಬೇಕು. ಇವತ್ತೇ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ಮನೆಯ ಹೆಣ್ಣುಮಕ್ಕಳ ಹೆಸರು, 17 ದಾಟಿದ ಮಕ್ಕಳ ಅರ್ಜಿ ನೋಡಿಕೊಳ್ಳಿ. ತಪ್ಪಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಕೈಗೆ ಫಾರಂ 8 ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಜಿಲ್ಲಾ ಪಂಚಾಯಿತಿಯ ಚುನಾವಣೆಯ ಬಗ್ಗೆ ಕೇಳಿ. ಆ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.